ಸಿಡಿಲಿನ ಹೊಡೆತ ತಿಂದ ಸ್ವಿಚ್: ಪಿಂಗ್ ಬರುತ್ತದೆ, ಪೋರ್ಟಿನ ಲೆಕ್ಕ ಕದಲುವುದಿಲ್ಲ

ಪ್ರಶ್ನೆ (ಮಡಿಕೇರಿಯಿಂದ)

ನಮಸ್ಕಾರ. ಕಾಫಿ ತೋಟದ ಹೋಂಸ್ಟೇ ಒಂದರ 24 ಪೋರ್ಟಿನ ಗಿಗಾಬಿಟ್ ಲೇಯರ್ 3 ಸ್ವಿಚ್ (ರೂಟರ್‌ನಂತೆ ಐಪಿ ವಿಳಾಸ ನೋಡಿ ದಾರಿ ತೋರಬಲ್ಲದ್ದು) ರಿಪೇರಿಗೆ ಬಂದಿದೆ. ಬಂಗಲೆಯಿಂದ ಗೋದಾಮಿಗೆ ಸಿಲ್ವರ್ ಓಕ್ ಮರಗಳಿಗೆ ಕಟ್ಟಿಕೊಂಡು ಲ್ಯಾನ್ ಕೇಬಲ್ ಎಳೆದಿದ್ದರು. ಸಿಡಿಲು ಹತ್ತಿರದಲ್ಲೇ ಬಡಿಯಿತಂತೆ. ಸ್ವಿಚ್ ಆನ್ ಆಗುತ್ತದೆ, ದೀಪಗಳೂ ಉರಿಯುತ್ತವೆ. ಮಳೆಗಾಲ ಹಿಡಿಯುವ ಮೊದಲು ಎಲ್ಲ ಪೋರ್ಟ್‌ಗಳನ್ನೂ ಪರೀಕ್ಷಿಸಿ ಕೊಡಬೇಕು. ನನ್ನ ಬಳಿ ಇರುವುದು ಒಂದೇ ಲ್ಯಾಪ್‌ಟಾಪ್. 1 ಮತ್ತು 2ನೇ ಪೋರ್ಟ್‌ಗಳನ್ನು ಪ್ಯಾಚ್ ಕಾರ್ಡ್‌ನಿಂದ ಜೋಡಿಸಿ ಬೇರೆ ಬೇರೆ ಸಬ್‌ನೆಟ್‌ನ (ವಿಳಾಸಗಳ ಗುಂಪಿನ) ಐಪಿ ಕೊಟ್ಟೆ. ಸ್ವಿಚ್‌ನಲ್ಲೇ ಒಂದರಿಂದ ಇನ್ನೊಂದಕ್ಕೆ ಮಾಡಿದ ಪಿಂಗ್‌ಗೆ (ಇದ್ದೀಯಾ ಎಂದು ಕೇಳುವ ಪರೀಕ್ಷಾ ಪ್ಯಾಕೆಟ್‌ಗೆ) ಉತ್ತರ ಬರುತ್ತದೆ, ಆದರೆ ಪೋರ್ಟಿನ ಪ್ಯಾಕೆಟ್ ಲೆಕ್ಕ ಏರುವುದೇ ಇಲ್ಲ. ಏಕೆ?

ಉತ್ತರ (ಗೋಣಿಕೊಪ್ಪದಿಂದ)

ಸರ್, ನಿಮ್ಮ ಪ್ಯಾಕೆಟ್ ತಂತಿಗೆ ಇಳಿಯುತ್ತಲೇ ಇಲ್ಲ. ಎರಡೂ ವಿಳಾಸ ತನ್ನವೇ ಎಂದು ಸ್ವಿಚ್‌ಗೆ ಗೊತ್ತಿರುವುದರಿಂದ ಒಳಗೊಳಗೇ ಉತ್ತರ ಕೊಟ್ಟು ಮುಗಿಸುತ್ತದೆ. ಎರಡು ಪೋರ್ಟ್‌ಗಳನ್ನು ಬೇರೆ ಬೇರೆ ವಿಆರ್‌ಎಫ್‌ಗೆ (ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ರೂಟರ್ ಇದ್ದಂತೆ) ಹಾಕಿ. ಆಗ ಒಂದೊಂದಕ್ಕೂ ಪ್ರತ್ಯೇಕ ರೂಟಿಂಗ್ ಪಟ್ಟಿ ಇರುತ್ತದೆ, ಪ್ಯಾಕೆಟ್ ಹೊರಗೆ ಹೋಗಲೇಬೇಕು. ವಿಳಾಸಗಳು ಈಗ ಒಂದೇ ಸಬ್‌ನೆಟ್‌ನವಾಗಿರಲಿ: 10.1.1.1/30 ಒಂದು ಕಡೆ, 10.1.1.2/30 ಇನ್ನೊಂದು ಕಡೆ.

24 ಪೋರ್ಟ್‌ಗಳಿಗೂ ಸರಪಳಿ ಮಾಡಬಹುದು. ಕೇಬಲ್ 1ರಿಂದ 2ಕ್ಕೆ, 3ರಿಂದ 4ಕ್ಕೆ, ಹೀಗೆ 12 ಕೇಬಲ್. ಪೋರ್ಟ್ 1 ಒಂದು ವಿಆರ್‌ಎಫ್. 2 ಮತ್ತು 3 ಸೇರಿ ಇನ್ನೊಂದು. 4 ಮತ್ತು 5 ಮತ್ತೊಂದು. ಕೊನೆಯಲ್ಲಿ 24 ಒಂಟಿ. ಒಟ್ಟು 13. ಅಷ್ಟು ವಿಆರ್‌ಎಫ್‌ಗಳಿಗೆ ಸ್ವಿಚ್ ಒಪ್ಪದಿದ್ದರೆ ಅರ್ಧರ್ಧ ಮಾಡಿ. ಎರಡೂ ದಿಕ್ಕಿಗೆ ಸ್ಟ್ಯಾಟಿಕ್ ರೂಟ್ (ಕೈಯಾರೆ ಕೊಡುವ ದಾರಿ) ಬರೆಯುವುದು ಬೇಸರದ ಕೆಲಸ, ಆದರೆ ಒಂದನ್ನೂ ಬಿಡುವಂತಿಲ್ಲ. ಪೋರ್ಟ್‌ಗಳನ್ನು ರೂಟೆಡ್ ಪೋರ್ಟ್ (ನೇರವಾಗಿ ಐಪಿ ಪಡೆದ ಪೋರ್ಟ್) ಆಗಿಯೇ ಇಡಿ. ವಿಎಲ್ಎಎನ್ (ಪೋರ್ಟ್‌ಗಳ ಗುಂಪು) ಮೂಲಕ ಹೋದರೆ ಸ್ಪ್ಯಾನಿಂಗ್ ಟ್ರೀ (ಕೇಬಲ್ ಸುತ್ತು ಬಿದ್ದರೆ ಪೋರ್ಟ್ ತಡೆಯುವ ವ್ಯವಸ್ಥೆ) ಅಡ್ಡ ಬರುತ್ತದೆ. ಪಿಒಇ (ಲ್ಯಾನ್ ಕೇಬಲ್‌ನಲ್ಲೇ ವಿದ್ಯುತ್ ಕಳುಹಿಸುವ ಸೌಲಭ್ಯ) ಇದ್ದರೆ ಆರಿಸಿಬಿಡಿ.

ಎಆರ್‌ಪಿ (ಐಪಿಗೆ ಸೇರಿದ ಮ್ಯಾಕ್ ವಿಳಾಸ ಹುಡುಕುವ ಕ್ರಮ) ಅಪೂರ್ಣ ಎಂದು ತೋರಿಸಿದರೆ ಗಾಬರಿಯಾಗಬೇಡಿ. ಎಷ್ಟೋ ಸ್ವಿಚ್‌ಗಳು ಎಲ್ಲ ಪೋರ್ಟ್‌ಗಳಿಗೂ ಒಂದೇ ಮ್ಯಾಕ್ ವಿಳಾಸ (ಯಂತ್ರದ ಗುರುತಿನ ಸಂಖ್ಯೆ) ಬಳಸುತ್ತವೆ. ತನ್ನದೇ ಮ್ಯಾಕ್‌ನಿಂದ ಬಂದ ಫ್ರೇಮ್ (ಪ್ಯಾಕೆಟ್ ತಂತಿಯಲ್ಲಿ ಸಾಗುವ ರೂಪ) ಅನ್ನು ತಾನೇ ಬಿಸಾಡಬಹುದು. ಪ್ರತಿ ಕೇಬಲ್‌ನ ಒಂದು ತುದಿಗೆ ಬೇರೆ ಮ್ಯಾಕ್ ಕೊಡಿ.

ಮತ್ತೆ ಪ್ರಶ್ನೆ (ಮಡಿಕೇರಿಯಿಂದ)

ಮ್ಯಾಕ್ ಬದಲಿಸಿದ ಮೇಲೆ ಸರಪಳಿ ಓಡಿತು, ತುಂಬಾ ಧನ್ಯವಾದ. ಟ್ರೇಸ್‌ರೂಟ್‌ನಲ್ಲಿ (ದಾರಿಯ ಒಂದೊಂದು ಹಂತವನ್ನೂ ತೋರಿಸುವ ಪರೀಕ್ಷೆಯಲ್ಲಿ) 8 ಹಂತ ಉತ್ತರಿಸುತ್ತವೆ, ಒಂಬತ್ತನೆಯದರಿಂದ ಬರೀ ನಕ್ಷತ್ರ, ಅಂದರೆ ಉತ್ತರವಿಲ್ಲ. ಕಾರ್ಡ್ ಬದಲಿಸಿದರೂ ಅಷ್ಟೇ.

ಉತ್ತರ (ಗೋಣಿಕೊಪ್ಪದಿಂದ)

ಒಂಬತ್ತನೆಯ ಕೇಬಲ್ ಎಂದರೆ 17 ಮತ್ತು 18. ಯಾವುದು ಕೆಟ್ಟಿದೆ ಎಂದು ತಿಳಿಯಲು ಎರಡನ್ನೂ ಒಂದೊಂದಾಗಿ ಲ್ಯಾಪ್‌ಟಾಪ್‌ಗೆ ಜೋಡಿಸಿ ನೋಡಿ. ಸಿಆರ್‌ಸಿ ದೋಷದ (ದಾರಿಯಲ್ಲಿ ಕೆಟ್ಟ ಫ್ರೇಮ್‌ಗಳ) ಲೆಕ್ಕ ಏರುತ್ತಿದೆಯೇ, ವೇಗ 1000 ಎಂಬಿಪಿಎಸ್ (ಗಿಗಾಬಿಟ್) ಬದಲು 100ಕ್ಕೆ ಇಳಿದಿದೆಯೇ ಗಮನಿಸಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಸಾಕು. ಆದ್ದರಿಂದ ಅರೆಸತ್ತ ಪೋರ್ಟ್‌ನಲ್ಲೂ ದೀಪ ಉರಿಯುತ್ತದೆ.

ಆ ಎರಡನ್ನು ಬಿಟ್ಟು ಉಳಿದವುಗಳ ಸರಪಳಿ ಕಟ್ಟಿ ಭಾರ ಹಾಕಿ. ಸಾದಾ ಪಿಂಗ್ ಸಾಲದು: ಚಿಕ್ಕ ಫ್ರೇಮ್‌ಗಳಲ್ಲಿ ಗಿಗಾಬಿಟ್ ತುಂಬಲು ಸೆಕೆಂಡಿಗೆ ಸುಮಾರು 14.88 ಲಕ್ಷ ಬೇಕು. ಪ್ರತಿ ಕೇಬಲ್‌ಗೂ ಎಲ್ಲೂ ಇಲ್ಲದ ವಿಳಾಸ ಒಂದೊಂದು ಆರಿಸಿ, ಅದಕ್ಕೆ ಆ ಕೇಬಲ್‌ನ ಎರಡೂ ತುದಿಯ ವಿಆರ್‌ಎಫ್‌ಗಳು ಒಂದರತ್ತ ಇನ್ನೊಂದು ದಾರಿ ತೋರುವಂತೆ ರೂಟ್ ಬರೆಯಿರಿ, ಟಿಟಿಎಲ್ (ಪ್ಯಾಕೆಟ್ ಎಷ್ಟು ಹಂತ ಬದುಕಬೇಕೆಂಬ ಲೆಕ್ಕ) 255 ಇಟ್ಟು ಕಳುಹಿಸಿ. ಒಂದೊಂದು ಪ್ಯಾಕೆಟ್ಟೂ ಸಾಯುವವರೆಗೆ ಅತ್ತಿತ್ತ ಓಡುತ್ತದೆ. ಐಸಿಎಂಪಿ ರೀಡೈರೆಕ್ಟ್ (ಬೇರೆ ದಾರಿ ಹಿಡಿ ಎಂದು ಸ್ವಿಚ್ ಕಳುಹಿಸುವ ಸಂದೇಶ) ಅನ್ನು ಮೊದಲೇ ನಿಲ್ಲಿಸಿ, ಇಲ್ಲವಾದರೆ ಸಿಪಿಯು ಉಸಿರುಗಟ್ಟುತ್ತದೆ.

ಒಂದೇ ಚಿಪ್ ನಾಲ್ಕೋ ಎಂಟೋ ಪೋರ್ಟ್‌ಗಳನ್ನು ನೋಡಿಕೊಳ್ಳುವುದು ಸಾಮಾನ್ಯ. ಆದ್ದರಿಂದ 19ರಿಂದ 24ರವರೆಗಿನವು ರಾತ್ರಿಯಿಡೀ ಓಡಲಿ. ಗೋದಾಮಿನ ಲೈನಿಗೆ ಲೋಹವಿಲ್ಲದ ಫೈಬರ್ ಎಳೆಸಿ. ಮತ್ತೆ ಅದೇ ತಾಮ್ರದ ತಂತಿ ಹಾಕಿದರೆ ಮುಂದಿನ ಸಿಡಿಲಿಗೆ ಈ ಸ್ವಿಚ್ ಉಳಿಯುವುದಿಲ್ಲ.