ಕುಬರ್ನೆಟೀಸ್ ಲ್ಯಾಬ್: ಎಪಿಐ ಸರ್ವರ್ ಮ್ಯಾಲಿಂದ ಮ್ಯಾಲೆ ಬೀಳ್ತೈತಿ, ವರ್ಕರ್ ಜಾಯಿನ್ ಆಗವಲ್ದು

ಪ್ರಶ್ನೆ (ಬಾಗಲಕೋಟೆ)
ಸಿಕೆಎ (ಕಂಟೇನರ್ ನಡೆಸೂ ಕುಬರ್ನೆಟೀಸ್ ವ್ಯವಸ್ಥೆಯ ಅಡ್ಮಿನ್ ಸರ್ಟಿಫಿಕೇಟ್) ಪರೀಕ್ಷೆಗೆ ಓದಾಕತ್ತೀನ್ರಿ. ವರ್ಚುವಲ್‌ಬಾಕ್ಸ್‌ನ್ಯಾಗ ಉಬುಂಟು 22.04ರ ಎರಡು ವಿಎಂ (ವರ್ಚುವಲ್ ಮಷೀನ್) ಅದಾವ, ಒಂದು ಕ್ಲಸ್ಟರ್ ನಡೆಸೂ ಮಾಸ್ಟರ್, ಇನ್ನೊಂದು ಕೆಲಸ ಮಾಡೂ ವರ್ಕರ್, ಎರಡನೇದು ಮೊದಲನೇದರ ಕ್ಲೋನ್. ಕಂಟೇನರ್ ಓಡಿಸಾಕ ಕಂಟೇನರ್‌ಡಿ 1.7. ಕ್ಲಸ್ಟರ್ ಕಟ್ಟೂ ಕ್ಯೂಬ್‌ಎಡಿಎಂ ಇನಿಟ್ ಸರಿಯಾಗಿ ಮುಗೀತೈತಿ. ಸ್ವಲ್ಪ ಹೊತ್ತಿನ ಮ್ಯಾಲೆ ಕ್ಯೂಬ್‌ಸಿಟಿಎಲ್ ಕಮಾಂಡ್ ಹೊಡದ್ರ ಎಪಿಐ ಸರ್ವರಿನ (ಕಮಾಂಡ್ ತಗೊಳ್ಳೂ ಮಾಸ್ಟರ್ ಭಾಗ) 6443 ಪೋರ್ಟಿಗೆ ಕನೆಕ್ಷನ್ ರಿಫ್ಯೂಸ್ಡ್. ತಾನ ಬರ್ತೈತಿ, ತಾನ ಹೋಗ್ತೈತಿ. ಸ್ವಾಪ್ ಬಂದ್ ಮಾಡೇನಿ. ವರ್ಕರ್ ಅಂತೂ ಜಾಯಿನ್ ಆಗವಲ್ದು. ಮಾಸ್ಟರಿಗೆ 2 ಜಿಬಿ ರ‍್ಯಾಮ್ ಸಾಲವಲ್ದೇನ್ರಿ?

ಉತ್ತರ (ಬೆಳಗಾವಿ)
2 ಜಿಬಿ, 2 ಸಿಪಿಯು ಕ್ಯೂಬ್‌ಎಡಿಎಂ ಕೇಳೂ ಕನಿಷ್ಠ ಲೆಕ್ಕ. 4 ಕೊಟ್ರ ಚಲೋ. ಆದ್ರ ಇನಿಟ್ ಮುಗಿದು ಆಮ್ಯಾಲೆ ಬಿದ್ದು ಏಳೂದು ಸಿಗ್ರೂಪ್ ಡ್ರೈವರ್ (ಕಂಟೇನರಿಗೆ ಸಿಪಿಯು, ರ‍್ಯಾಮ್ ಹಂಚೂದು) ಎರಡು ಕಡೆ ಹೊಂದಲಾರದ ಲಕ್ಷಣ. 1.22ರಿಂದ ಈಚೆಗೆ ಕ್ಯೂಬ್‌ಎಡಿಎಂ ಕ್ಯೂಬ್ಲೆಟ್‌ಗೆ (ಪ್ರತಿ ವಿಎಂನ್ಯಾಗ ಕಂಟೇನರ್ ನೋಡ್ಕೊಳ್ಳೂ ಪ್ರೋಗ್ರಾಮ್) ಸಿಸ್ಟಮ್‌ಡಿ ಡ್ರೈವರ್ ತಾನ ಹಾಕ್ತೈತಿ. ಕಂಟೇನರ್‌ಡಿ 1.7ರ ಡೀಫಾಲ್ಟ್ ಫೈಲಿನ್ಯಾಗ 'ಸಿಸ್ಟಮ್‌ಡಿಸಿಗ್ರೂಪ್' ಫಾಲ್ಸ್ ಇರ್ತೈತಿ. ಒಂದ ಹೊಲಕ್ಕ ಇಬ್ಬರು ಬ್ಯಾರೆ ಬ್ಯಾರೆ ಕಡಿಂದ ನೀರು ತಿರುವಿದಂಗ.

'ಕಂಟೇನರ್‌ಡಿ ಕಾನ್ಫಿಗ್ ಡೀಫಾಲ್ಟ್' ಔಟ್‌ಪುಟ್‌ನ ಕಾನ್ಫಿಗ್ ಫೈಲಿಗೆ ಬರೀರಿ, ಆ ಸಾಲು ಟ್ರೂ ಮಾಡ್ರಿ, ಕಂಟೇನರ್‌ಡಿ ರಿಸ್ಟಾರ್ಟ್ ಮಾಡ್ರಿ. ಎರಡೂ ವಿಎಂನ್ಯಾಗ. ಹಳೇ ಪಾಡ್ (ಕಂಟೇನರ್ ಗುಂಪು) ಹಳೇ ಡ್ರೈವರಿನ್ಯಾಗ ಹುಟ್ಟಿರ್ತಾವ, ಅದಕ್ಕ ಕ್ಯೂಬ್‌ಎಡಿಎಂ ರಿಸೆಟ್ ಹೊಡದು ಮತ್ತ ಇನಿಟ್ ಮಾಡೂದ ಒಳ್ಳೇದು.

ಎಪಿಐ ಬಿದ್ದಾಗ ಕ್ಯೂಬ್‌ಸಿಟಿಎಲ್ ನಂಬಿ ಕೂಡಬ್ಯಾಡ್ರಿ. ಕಂಟೇನರ್‌ಡಿನ್ನ ನೇರ ಕೇಳೂ ಸಿಆರ್‌ಐಸಿಟಿಎಲ್‌ನಿಂದ ಸತ್ತ ಕಂಟೇನರ್ ಹುಡುಕಿ ಅದರ ಲಾಗ್ ನೋಡ್ರಿ, ಜರ್ನಲ್‌ಸಿಟಿಎಲ್‌ನ್ಯಾಗ ಕ್ಯೂಬ್ಲೆಟ್ ಲಾಗ್ ನೋಡ್ರಿ. ಪರೀಕ್ಷಾದಾಗ ಟ್ರಬಲ್‌ಶೂಟಿಂಗ್ ಪಾಲು 30%. ಈ ಕೈಚಳಕ ಅಲ್ಲಿ ಭಾಳ ಉಪಯೋಗಕ್ಕ ಬರ್ತೈತಿ.

ಉತ್ತರ (ವಿಜಯಪುರ)
ಜಾಯಿನ್ ಆಗಲಾರದ್ದು ಬ್ಯಾರೆ ರೋಗ ಅದ. ವರ್ಚುವಲ್‌ಬಾಕ್ಸಿನ ನ್ಯಾಟ್ ಎಲ್ಲಾ ವಿಎಂಗೂ 10.0.2.15 ಅನ್ನೋ ಒಂದೇ ಅಡ್ರೆಸ್ ಕೊಡ್ತದ. ಮಾಸ್ಟರ್ ಅಂತ ಹುಡುಕಿಕೊಂಡು ಹೋದ ವರ್ಕರ್ ತನ್ನನ್ನೇ ತಾ ಕರೀತದ. ಎರಡನೇ ಅಡಾಪ್ಟರ್ ಹೋಸ್ಟ್-ಓನ್ಲಿ ಹಾಕ್ರಿ, 192.168.56ರ ಅಡ್ರೆಸ್ ಸಿಗ್ತದ. ಇನಿಟ್ ಮಾಡೋ ಮುಂದ ಅಡ್ವರ್ಟೈಸ್ ಅಡ್ರೆಸ್ ಅಂತ ಅದನ್ನೇ ಕೊಡ್ರಿ. ಪಾಡ್‌ಗಳ ನಡುವ ನೆಟ್‌ವರ್ಕ್ ಕಟ್ಟೋ ಫ್ಲಾನೆಲ್ ಹಾಕೋದಿದ್ರ ಪಾಡ್ ನೆಟ್‌ವರ್ಕ್ 10.244.0.0/16, ಮತ್ತ ಫ್ಲಾನೆಲ್‌ಗೂ ಇಂಟರ್‌ಫೇಸ್ ಹೆಸರು ಹೇಳಬೇಕು, ಇಲ್ಲಾಂದ್ರ ಅದು ನ್ಯಾಟ್ ಅಡ್ರೆಸ್ಸೇ ಹಿಡೀತದ. ಕ್ಲೋನ್‌ಗೆ ಹೊಸಾ ಮ್ಯಾಕ್ ಅಡ್ರೆಸ್, ಹೊಸಾ ಹೋಸ್ಟ್‌ನೇಮ್ ಬೇಕು. ಜಾಯಿನ್ ಟೋಕನ್ ಆಯುಷ್ಯ 24 ತಾಸು.

ಪ್ರಶ್ನೆ ಕೇಳಿದವರು
ಮಾಸ್ಟರ್ ಈಗ ಬೀಳದಂಗ ನಿಂತೈತ್ರಿ, ವರ್ಕರ್ ರೆಡಿ ತೋರಿಸ್ತೈತಿ. ಆದ್ರ ವರ್ಕರ್ ಮ್ಯಾಲಿನ ಪಾಡ್‌ಗಳ ಲಾಗ್ ಬರವಲ್ದು, ಪಾಡಿನ ಒಳಗ ಕಮಾಂಡ್ ಓಡಿಸೂ ಎಕ್ಸೆಕ್ಕೂ ಆಗವಲ್ದು.

ಉತ್ತರ (ವಿಜಯಪುರ)
ನೋಡ್ ಪಟ್ಟಿ ವೈಡ್ ಔಟ್‌ಪುಟ್‌ನಾಗ ತಗದು ಇಂಟರ್ನಲ್ ಐಪಿ ನೋಡ್ರಿ, 10.0.2.15 ಇದ್ರ ಅದೇ ಕಾರಣ. ಲಾಗ್ ಕೇಳಲಿಕ್ಕೆ ಎಪಿಐ ಸರ್ವರ್ ಆ ಅಡ್ರೆಸ್ಸಿನ 10250 ಪೋರ್ಟಿಗೇ ಹೋಗ್ತದ. ಎರಡೂ ವಿಎಂನಾಗ ಕ್ಯೂಬ್ಲೆಟ್‌ನ ಎಕ್ಸ್ಟ್ರಾ ಆರ್ಗ್ಸ್‌ಗೆ ನೋಡ್-ಐಪಿ ಅಂತ ಆಯಾ ವಿಎಂನ 192.168.56ರ ಅಡ್ರೆಸ್ ಹಾಕಿ ಕ್ಯೂಬ್ಲೆಟ್ ರಿಸ್ಟಾರ್ಟ್ ಮಾಡ್ರಿ.