ಗಾಲಿಕುರ್ಚಿಯಲ್ಲಿರುವ ಅಮ್ಮನಿಗಾಗಿ ಹೊಸ ಮನೆ: ಪ್ಲಿಂತ್, ಇಳಿಜಾರು, ಹೊಸ್ತಿಲು

ಪ್ರಶ್ನೆ (ಚಿಕ್ಕಮಗಳೂರಿನಿಂದ): 30x40 ನಿವೇಶನದಲ್ಲಿ ಮನೆ ಕಟ್ಟಿಸಲು ಹೊರಟಿದ್ದೇವೆ. ಪಾರ್ಶ್ವವಾಯುವಾದ ಮೇಲೆ ಅಮ್ಮ ಗಾಲಿಕುರ್ಚಿಯಲ್ಲಿದ್ದಾರೆ. ಮಳೆ ಹೆಚ್ಚೆಂದು ಪ್ಲಿಂತನ್ನು (ಸುತ್ತಲಿನ ನೆಲಕ್ಕಿಂತ ಮೇಲೆದ್ದು ಮನೆಯ ನೆಲವನ್ನು ಹೊರುವ ಕಟ್ಟೆಯನ್ನು) ಎರಡೂವರೆ ಅಡಿಗೆ ಎತ್ತರಿಸಿ, ಮೆಟ್ಟಿಲ ಪಕ್ಕದಲ್ಲಿ ಹತ್ತು ಅಡಿ ಉದ್ದದ ಇಳಿಜಾರು ಕೊಡುವುದಾಗಿ ಮೇಸ್ತ್ರಿ ಹೇಳುತ್ತಿದ್ದಾರೆ. ಇದು ಸಾಕೇ? ನಕ್ಷೆ ಮಂಜೂರಾತಿಗೆ ಇದು ಕಡ್ಡಾಯವೇ?

ಉತ್ತರ (ಹಾಸನದ ವಾಸ್ತುಶಿಲ್ಪಿ): ಖಂಡಿತ ಸಾಲದು. ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕೆಂಬುದು, ಅಂದರೆ 1:12 ಎಂಬುದು, ಮಾನದಂಡದ ಕಡಿದಾದ ಮಿತಿ; ಆ ಲೆಕ್ಕದಲ್ಲಿ ಎರಡೂವರೆ ಅಡಿಗೆ ಮೂವತ್ತು ಅಡಿ ಇಳಿಜಾರು ಬೇಕಾಗುತ್ತದೆ, ನಡುವಿನ ಸಮತಟ್ಟು ಜಾಗ ಬೇರೆ. ಮೇಸ್ತ್ರಿಯವರು ಹೇಳುವ 1:4 ಸ್ಕೂಟರ್ ಹತ್ತಿಸಲು ಆದೀತು, ಅಮ್ಮನಿಗಲ್ಲ. ಇಂಥದೇ ಒಂದು ಇಳಿಜಾರನ್ನು ನಾನು ಹಾಸನದ ಮನೆಯೊಂದರಲ್ಲಿ ಕಂಡಿದ್ದೇನೆ: ಪಾಲಿಶ್ ಮಾಡಿದ ಗ್ರಾನೈಟ್ ಹಾಸಿದ್ದರು, ಮಳೆಗಾಲದಲ್ಲಿ ಪಾಚಿ ಕಟ್ಟಿತು, ಒಬ್ಬರು ಹಿಂದಿನಿಂದ ತಳ್ಳಿ ಇನ್ನೊಬ್ಬರು ಮುಂದಿನಿಂದ ಹಿಡಿದರೂ ಕುರ್ಚಿ ಜಾರುತ್ತಿತ್ತು.

ಆದ್ದರಿಂದ ಇಳಿಜಾರಿಗಿಂತ ಮೊದಲು ಪ್ಲಿಂತ್ ಎತ್ತರವನ್ನೇ ಪ್ರಶ್ನಿಸಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳುವುದು ಸುತ್ತಲಿನ ನೆಲಕ್ಕಿಂತ ಕನಿಷ್ಠ 450 ಮಿ.ಮೀ., ಅಂದರೆ ಒಂದೂವರೆ ಅಡಿ. ನೀರು ಬೇಗ ಹರಿದುಹೋಗುವ ನಿವೇಶನವಾದರೆ ಅಷ್ಟಕ್ಕೇ ನಿಲ್ಲಿಸಿ, ಬಾಗಿಲ ಮುಂದೆ ಜಾಲರಿ ಮುಚ್ಚಿದ ಚರಂಡಿ ಮತ್ತು ಅಗಲವಾದ ಸಜ್ಜಾ ಕೊಟ್ಟರೆ, ಹದಿನೆಂಟು ಅಡಿಯ ಇಳಿಜಾರು ಕಾಂಪೌಂಡಿನ ಉದ್ದಕ್ಕೆ ಹೊಂದುತ್ತದೆ. ಅಗಲ ನಾಲ್ಕು ಅಡಿ, ಎರಡೂ ಕಡೆ ಕೈಹಿಡಿ, ಮೇಲೆ ಬಾಗಿಲೆದುರು ಐದು ಅಡಿ ಸಮತಟ್ಟು, ನೆಲಕ್ಕೆ ಒರಟು ಕಲ್ಲು. ಚಿಕ್ಕಮಗಳೂರಿನಲ್ಲಿ ಓರೆ ನಿವೇಶನಗಳು ಬಹಳ. ನಿಮ್ಮದೂ ಹಾಗಿದ್ದು ರಸ್ತೆ ಎತ್ತರದ ಕಡೆಗಿದ್ದರೆ ಪ್ರವೇಶವನ್ನು ಆ ಬದಿಗೇ ಇಡಿ, ಇಳಿಜಾರು ತೀರಾ ಚಿಕ್ಕದಾದೀತು.

ಬಾಗಿಲ ವಿಷಯದಲ್ಲಿ ಬಡಗಿಯೊಂದಿಗೆ ಸ್ಪಷ್ಟವಾಗಿ ಮಾತಾಡಿ. ಚೌಕಟ್ಟಿನ ಹೊರ ಅಳತೆ ಮೂರು ಅಡಿಯಾದರೆ, ಎರಡೂ ಬದಿಯ ಮರ, ತೆರೆದ ಕದದ ದಪ್ಪ ಕಳೆದು ಉಳಿಯುವುದು ಎರಡೂವರೆ ಅಡಿಗೂ ಕಡಿಮೆ. ಬೇಕಾದದ್ದು 900 ಮಿ.ಮೀ. ತೆರಪು. ಹೊಸ್ತಿಲು 12 ಮಿ.ಮೀ. ಮೀರಬಾರದು. ಮರವನ್ನು ನೆಲದ ಮಟ್ಟಕ್ಕೆ ಹೂಳಿಸಿದರೆ ಅರಿಶಿನ ಕುಂಕುಮಕ್ಕೂ ಜಾಗವಿರುತ್ತದೆ, ಗಾಲಿಗೂ ತೊಡಕಾಗದು.

ಪ್ರಶ್ನೆ: ಬಚ್ಚಲು, ಶೌಚಾಲಯ ಹೇಗಿರಬೇಕು?

ಉತ್ತರ: ಬಾಗಿಲು ಹೊರಗೆ ತೆರೆಯಲಿ ಅಥವಾ ಜಾರುವಂಥದ್ದಿರಲಿ, ಅಮ್ಮ ಒಳಗೆ ಬಿದ್ದರೂ ತೆರೆಯಲು ಬರಬೇಕು. ಕುರ್ಚಿ ತಿರುಗಲು 1500 ಮಿ.ಮೀ. ವೃತ್ತದಷ್ಟು ಖಾಲಿ ನೆಲ ಬೇಕು. ಕಮೋಡ್ ಕುಳಿತುಕೊಳ್ಳುವ ಎತ್ತರ 450ರಿಂದ 480 ಮಿ.ಮೀ. ಇರಲಿ. ಬಚ್ಚಲಿನ ನೆಲವನ್ನು ಎರಡು ಇಂಚು ತಗ್ಗಿಸುವ ಅಭ್ಯಾಸ ಬಿಟ್ಟು, ನೆಲಕ್ಕೆ ಕೊಟ್ಟ ಸಣ್ಣ ಓರೆಯಿಂದ ನೀರು ಹರಿಯಲು ಬಿಡಿ. ಹಿಡಿಗಂಬಿ ಕೂರುವ ಗೋಡೆ ಗಟ್ಟಿ ಇಟ್ಟಿಗೆಯದಾಗಿರಲಿ. ಆಮೇಲೆ ಗಂಬಿಗಾಗಿ ಗೋಡೆ ಕೊರೆಯುವಾಗ ಪೈಪಿಗೆ ತಗುಲದಂತೆ, ಟೈಲ್ಸ್ ಹಾಕುವ ಮುನ್ನವೇ ಪೈಪುಗಳ ದಾರಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಕಾನೂನಿನ ಮಾತು: 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 44ನೇ ಕಲಮು ಅಂಗವಿಕಲರ ಸುಗಮ ಪ್ರವೇಶದ ನಿಯಮ ಪಾಲಿಸದ ನಕ್ಷೆಗೆ ಅನುಮತಿ ಕೊಡಬಾರದು ಎನ್ನುತ್ತದೆಯಾದರೂ ಅದು ಸರ್ಕಾರ, ಕಂಪನಿ, ಸಂಘ, ಟ್ರಸ್ಟ್ ಮುಂತಾದ ಸಂಸ್ಥೆಗಳಿಗೆ ಅನ್ವಯಿಸುತ್ತದೆ, ನಿಮ್ಮ ಸ್ವಂತ ಮನೆಗಲ್ಲ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್, ಈ ಕಾಯ್ದೆಯಡಿ ಬರೀ ಶಿಫಾರಸಿನಂತಿದ್ದ ಸುಗಮ ಪ್ರವೇಶದ ನಿಯಮವನ್ನು ರದ್ದುಪಡಿಸಿ, ಕಡ್ಡಾಯ ಕನಿಷ್ಠ ಮಾನದಂಡ ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ಮೇಲಿನ ಅಳತೆಗಳನ್ನು ನಕ್ಷೆಯಲ್ಲೇ ಬರೆಸಿ, ಪಾಯ ತೋಡುವ ಮೊದಲು ಮೇಸ್ತ್ರಿಯವರಿಗೂ ಬಡಗಿಗೂ ಒಂದೊಂದು ಪ್ರತಿ ಕೊಡಿ.