ರೋಬೋ ವೆಲ್ಡಿಂಗ್‌ಗೆ ಪರದೆ ಹಾಕಿದರೂ ಆಚೆ ನಿಂತವನಿಗೆ ಕಣ್ಣುರಿ

ಕಪನೂರ್ ಶೆಡ್: ನಮ್ಮದು ಕಲಬುರಗಿಯ ಕಪನೂರಿನಲ್ಲಿ ಟ್ರ್ಯಾಲಿ ಬಿಡಿಭಾಗದ ಕೆಲಸ. ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ವೆಲ್ಡಿಂಗ್ ರೋಬೋ ಒಂದಿದೆ, ಸುತ್ತ ಕೇಸರಿ ಪಟ್ಟಿ ಪರದೆ ಇದೆ. ಆಪರೇಟರ್‌ಗೆ ತೊಂದರೆ ಇಲ್ಲ. ಆಚೆ ಡ್ರಿಲ್ಲಿಂಗ್ ಮಷಿನ್ ಹತ್ತಿರ ಇರುವ ಹುಡುಗನಿಗೆ ಮಾತ್ರ ರಾತ್ರಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತೆ, ನೀರು ಸುರಿಯುತ್ತೆ. ಹಗಲೆಲ್ಲಾ ಆರಾಮ್ ಇರ್ತಾನೆ. ಧೂಳಿಗಾ?

ಹುಮನಾಬಾದ್ ಫಿಟ್ಟರ್: ಧೂಳಲ್ಲ ರೀ, ಆರ್ಕ್ ಹೊಡೆದಿದೆ, ಅಂದರೆ ವೆಲ್ಡಿಂಗ್ ಕಿಡಿಯ ಬೆಳಕು. ಅದರ ಅಲ್ಟ್ರಾವಯಲೆಟ್ ಬಿದ್ದಾಗ ಏನೂ ಗೊತ್ತಾಗಲ್ಲ, ಸಾಮಾನ್ಯವಾಗಿ 6ರಿಂದ 12 ಗಂಟೆ ಆದ ಮೇಲೆ ಉರಿ ಶುರು. ಯಾವಾಗಿಂದ ಹೀಗೆ? ಏನಾದರೂ ಜಾಗ ಬದಲಾಯಿಸಿದ್ರಾ?

ಕಪನೂರ್ ಶೆಡ್: ಹೋಳಿ ಆದ ಮೇಲೆ. ಏನೂ ಸರಿಸಿಲ್ಲ. ಬಿಸಿಲು ಜಾಸ್ತಿ ಆಯ್ತು ಅಂತ ದೊಡ್ಡ ಕೂಲರ್ ಇಟ್ಟೆವು, ಅಷ್ಟೇ.

ಹುಮನಾಬಾದ್ ಫಿಟ್ಟರ್: ನನಗೆ ಅದರ ಮೇಲೇ ಅನುಮಾನ. ಗಾಳಿಗೆ ಪಟ್ಟಿಗಳು ಬಾಯಿ ಬಿಡುತ್ತಿರಬೇಕು. ಸಂಜೆ ಶೆಡ್ ಲೈಟ್ ಆರಿಸಿ, ಕೂಲರ್ ಚಾಲೂ ಇಟ್ಟು ರೋಬೋ ಓಡಿಸಿ. ಕನ್ನಡಕ ಹಾಕಿಕೊಂಡು, ರೋಬೋಗೆ ಬೆನ್ನು ಮಾಡಿ ನಿಂತು, ಹುಡುಗನ ಕಣ್ಣಿನ ಎತ್ತರಕ್ಕೆ ಬಿಳಿ ರಟ್ಟು ಹಿಡಿಯಿರಿ. ರಟ್ಟಿನ ಮೇಲೆ ನೀಲಿ ಮಿಂಚು ಬಂದರೆ ಬೆಳಕು ಸೋರುತ್ತಿದೆ. ಸುಮ್ನೆ ಆರ್ಕ್ ಕಡೆ ತಿರುಗಿ ನೋಡಬೇಡಿ.

ಕಪನೂರ್ ಶೆಡ್: ನೋಡಿದೆವು. ಪಟ್ಟಿ ಅಲ್ಲಾಡಿದಾಗಲೆಲ್ಲ ಮಿಂಚು. ಕೂಲರ್ ಬಂದ್ ಮಾಡಿದರೂ ಸ್ವಲ್ಪ ಕಾಣುತ್ತೆ, ರಟ್ಟಿನ ಮೇಲಂಚಿಗೆ. ಪಕ್ಕದ ಗೋಡೆಗೆ ಹೊಸ ಜಿಂಕ್ ಶೀಟ್ ಹೊಡೆದಿದ್ದೇವೆ.

ಬೀದರ್ ಮೇಂಟೆನನ್ಸ್: ಹಾಗಾದರೆ ಪರದೆಯ ಮೇಲಿಂದ ಹೋದ ಬೆಳಕು ಆ ಶೀಟಿಗೆ ತಾಗಿ ವಾಪಸ್ ಬರುತ್ತಿದೆ. ಶೀಟಿಗೆ ಹೊಳಪಿಲ್ಲದ ಪೇಂಟ್ ಹೊಡೆಯಿರಿ. ಟೈಟಾನಿಯಂ ಡೈಆಕ್ಸೈಡ್ ಅಥವಾ ಜಿಂಕ್ ಆಕ್ಸೈಡ್ ಇರುವ ಪೇಂಟ್ ಅಲ್ಟ್ರಾವಯಲೆಟ್ ಹೀರಿಕೊಳ್ಳುತ್ತೆ. ಡ್ರಿಲ್ಲಿಂಗ್ ಕಡೆಗೆ ಪಟ್ಟಿ ಬೇಡ, ತಗಡಿನ ಗೋಡೆಯೇ ಇರಲಿ, ಪರದೆಗಿಂತ ಎತ್ತರಕ್ಕೆ. ಉಳಿದ ಕಡೆ ಪಟ್ಟಿಗಳು ಒಂದರ ಮೇಲೊಂದು ಅರ್ಧ ಕೂರಬೇಕು. ಪರದೆ ಮೇಲೆ ಐಎಸ್‌ಒ 25980 ಅಂತ ಇದೆಯಾ ನೋಡಿ, ವೆಲ್ಡಿಂಗ್ ಪರದೆಗಳ ಸ್ಟ್ಯಾಂಡರ್ಡ್ ಅದು. ಕೋಲ್ಡ್ ಸ್ಟೋರೇಜ್ ಬಾಗಿಲಿನ ಪಟ್ಟಿ ತಂದು ಹಾಕುವವರೂ ಇದ್ದಾರೆ, ಅದು ಈ ಕೆಲಸಕ್ಕೆ ಮಾಡಿದ್ದಲ್ಲ. ಮತ್ತೆ ಹುಡುಗನನ್ನು ಕಣ್ಣಿನ ಡಾಕ್ಟರಿಗೆ ತೋರಿಸಿ. ಹಾಲು, ಆಲೂಗಡ್ಡೆ ಅಂತ ಮನೆಮದ್ದು ಮಾಡುತ್ತಾ ಕೂರಬೇಡಿ.

ಕಪನೂರ್ ಶೆಡ್: ತಗಡು ಹಾಕಿಸುತ್ತೇವೆ. ಆದರೆ ಈ ಸೆಕೆಯಲ್ಲಿ ಕೂಲರ್ ತೆಗೆ ಅಂದರೆ ಯಾರೂ ಕೇಳಲ್ಲ.

ಹುಮನಾಬಾದ್ ಫಿಟ್ಟರ್: ತೆಗೆಯೋದು ಬೇಡ, ರೋಬೋ ಕಡೆಯಿಂದ ಮುಖ ತಿರುಗಿಸಿ. ವೆಲ್ಡಿಂಗ್‌ಗೆ ಹೊರಗಿನ ಗಾಳಿ ತಾಗದ ಹಾಗೆ ಕಾಯುವ ನಿಮ್ಮ ಸಿಒಟು ಗ್ಯಾಸ್ ಕೂಡ ಆ ಗಾಳಿಗೆ ಹಾರಿಹೋಗುತ್ತಿರುತ್ತೆ. ಈಚೆಗೆ ವೆಲ್ಡಿಂಗ್‌ನಲ್ಲಿ ಸಣ್ಣ ಸಣ್ಣ ತೂತು ಬೀಳ್ತಿವೆ, ಅಲ್ವಾ?

ಕಪನೂರ್ ಶೆಡ್: ಹೌದ್ರೀ! ಸಿಲಿಂಡರ್ ಖರಾಬ್ ಅಂತ ಡೀಲರ್ ಜೊತೆ ಜಗಳ ಆಡ್ತಿದ್ದೆವು.